ಜೈಲಿಗೆ ಹೋಗಿ ಬಂದವರಿಗೆ ಕೋವಿ ಲೈಸೆನ್ಸ್ ಮತ್ತೆ ಸಿಗುತ್ತದೆಯೇ?

ಪ್ರಶ್ನೆ: ನನಗೆ ಐವತ್ತನಾಲ್ಕು ವರ್ಷ. ತೀರ್ಥಹಳ್ಳಿ ತಾಲ್ಲೂಕು ಮಂಡಗದ್ದೆ ಹೋಬಳಿಯಲ್ಲಿ ಮೂರು ಎಕರೆ ಅಡಿಕೆ ತೋಟ, ಒಂದೂವರೆ ಎಕರೆ ಗದ್ದೆ ಇದೆ. 2006ರಲ್ಲಿ ಬೇಲಿಯ ವಿಷಯಕ್ಕೆ ದಾಯಾದಿಗಳ ಜೊತೆ ಹೊಡೆದಾಟವಾಗಿ, ನನ್ನ ಕೈಯಲ್ಲಿದ್ದ ಕತ್ತಿಯ ಏಟು ಚಿಕ್ಕಪ್ಪನ ಮಗನ ತೋಳಿಗೆ ಬಿತ್ತು. 2010ರಲ್ಲಿ ಐಪಿಸಿ 324ರ ಅಡಿ ಒಂದು ವರ್ಷ ಸಜೆ, ದಂಡ ಎರಡೂ ಆದವು. ಮೇಲ್ಮನವಿ 2013ರಲ್ಲಿ ವಜಾ ಆಯಿತು. ಜೈಲಿಗೆ ಹೋಗಿ 2014ರ ಜನವರಿಯಲ್ಲಿ ಬಿಡುಗಡೆಯಾದೆ. ಈ ನಡುವೆ 2011ರಲ್ಲಿಯೇ, ಅಪ್ಪನಿಂದ ನನ್ನ ಹೆಸರಿಗೆ ಬಂದಿದ್ದ ಜೋಡು ನಳಿಕೆ ಕೋವಿಯ ಲೈಸೆನ್ಸನ್ನು ರದ್ದು ಮಾಡಿದರು. ಕೋವಿ ಠಾಣೆಯಲ್ಲಿದೆ. ಈಗ ಹಂದಿ, ಮಂಗ, ನವಿಲುಗಳ ಕಾಟದಲ್ಲಿ ಗದ್ದೆ ಮಾಡುವುದೇ ಬೇಡ ಎನ್ನಿಸಿದೆ. ಒಮ್ಮೆ ಶಿಕ್ಷೆಯಾದರೆ ಜೀವಮಾನವಿಡೀ ಕೋವಿ ಮುಟ್ಟುವಂತಿಲ್ಲ ಎನ್ನುತ್ತಾರೆ ಕೆಲವರು. ಅಮೆರಿಕದಲ್ಲಿರುವ ತಂಗಿಯ ಮಗ, ‘ಮಾವ, ಮೊದಲು ಕೋರ್ಟಿನಿಂದ ಹಕ್ಕು ವಾಪಸ್ ಪಡೆಯಬೇಕು’ ಎನ್ನುತ್ತಾನೆ. ಪೇಟೆಯ ಒಬ್ಬ ಏಜೆಂಟ್, ‘ಹಳೇ ಕೇಸು ಬರೆಯಲೇಬೇಡಿ, ಆ ಫೈಲು ಗೆದ್ದಲು ತಿಂದಾಗಿದೆ’ ಎಂದು ದುಡ್ಡು ಕೇಳುತ್ತಿದ್ದಾನೆ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗೆ ಲೈಸೆನ್ಸೇ ಬೇಡ ಎಂಬ ಮಾತೂ ಇದೆ. ಲೈಸೆನ್ಸ್ ಸಿಕ್ಕಿದರೆ ಹಂದಿ ಹೊಡೆಯಬಹುದೇ? ದಯವಿಟ್ಟು ದಾರಿ ತೋರಿಸಿ. (ಹೆಸರು ಬೇಡವೆಂದಿದ್ದಾರೆ.)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಹದಿನೆಂಟು ಇಪ್ಪತ್ತು ವರ್ಷದ ಹಿಂದಿನ ಹೊಡೆದಾಟ ಇನ್ನೂ ನಿಮ್ಮನ್ನು ಕಟ್ಟಿಹಾಕಿದೆಯೇ ಎಂಬುದು ಒಂದು. ಕೋವಿ ಕೈಗೆ ಬಂದರೆ ಹಂದಿಯ ಕಾಟ ಮುಗಿಯುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ನೀವು ಹೆದರಿದ್ದಕ್ಕಿಂತ ಹಗುರವಾಗಿದೆ. ಎರಡನೆಯದಕ್ಕೆ, ನೀವು ಆಸೆಪಟ್ಟಷ್ಟು ಸಿಹಿಯಾಗಿಲ್ಲ.

‘ಜೀವಮಾನವಿಡೀ’ ಎಂಬ ಮಾತಿನಿಂದ ಶುರು ಮಾಡೋಣ. ಭಾರತದಲ್ಲಿ ಕೋವಿ, ಬಂದೂಕುಗಳನ್ನು ಆಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ 9ನೆಯ ಸೆಕ್ಷನ್ ಯಾರು ಕೋವಿ ಇಟ್ಟುಕೊಳ್ಳಬಾರದು ಎಂದು ಹೇಳುತ್ತದೆ. ಇಪ್ಪತ್ತೊಂದು ತುಂಬದವರು ಒಂದು ಗುಂಪು. ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಸೆರೆಮನೆ ಶಿಕ್ಷೆ ಆದವರು ಇನ್ನೊಂದು. ಶಾಂತಿ ಪಾಲನೆಗೆ ಅಥವಾ ಸನ್ನಡತೆಗೆ ಮುಚ್ಚಳಿಕೆ ಬರೆದುಕೊಡಬೇಕೆಂದು ಆದೇಶ ಆದವರು, ಆ ಮುಚ್ಚಳಿಕೆಯ ಅವಧಿ ಮುಗಿಯುವವರೆಗೆ, ಮೂರನೆಯ ಗುಂಪು. ನಿಮಗೆ ಸಂಬಂಧಿಸಿದ್ದು ಎರಡನೆಯದು. ಶಿಕ್ಷೆ ಒಂದು ತಿಂಗಳದ್ದಾಗಲಿ, ಒಂದು ವರ್ಷದ್ದಾಗಲಿ, ಆ ನಿಷೇಧ ಶಿಕ್ಷೆ ಮುಗಿದ ದಿನದಿಂದ ಐದು ವರ್ಷ ಮಾತ್ರ. ಆಮೇಲೆ ಅದು ತಾನಾಗಿಯೇ ಕಳಚಿಕೊಳ್ಳುತ್ತದೆ. ಅದಕ್ಕೆ ಯಾರ ಆದೇಶವೂ ಬೇಕಿಲ್ಲ, ಯಾವ ಅರ್ಜಿಯೂ ಬೇಕಿಲ್ಲ.

ಇಲ್ಲಿ ಲೆಕ್ಕ ತಪ್ಪುವವರು ಬಹಳ ಮಂದಿ. ಐದು ವರ್ಷವನ್ನು ತೀರ್ಪಿನ ದಿನದಿಂದ ಎಣಿಸುತ್ತಾರೆ. ನಿಮ್ಮನ್ನೇ ನೋಡಿ. ತೀರ್ಪು 2010ರದ್ದು. ಆ ಲೆಕ್ಕದಲ್ಲಿ 2015ಕ್ಕೆ ನಿಷೇಧ ಮುಗಿಯಬೇಕಿತ್ತು. ಆದರೆ ಮೇಲ್ಮನವಿ ಹಾಕಿ ಶಿಕ್ಷೆಯನ್ನು ಅಮಾನತಿನಲ್ಲಿ ಇರಿಸಿಕೊಂಡಿದ್ದಿರಿ. ಜಾಮೀನಿನ ಮೇಲೆ ಹೊರಗಿದ್ದ ಆ ಮೂರು ವರ್ಷ ಶಿಕ್ಷೆ ಶುರುವೇ ಆಗಿರಲಿಲ್ಲ. ನೀವು ಒಳಗೆ ಹೋಗಿದ್ದು 2013ರಲ್ಲಿ, ಶಿಕ್ಷೆ ತೀರಿದ್ದು 2014ರ ಜನವರಿಯಲ್ಲಿ. ಅಲ್ಲಿಂದ ಐದು ವರ್ಷವೆಂದರೆ 2019ರ ಜನವರಿ. ನಿಮ್ಮ ಊರಿನವರು ‘ಜೀವಮಾನವಿಡೀ’ ಎಂದು ಹೇಳುತ್ತಿದ್ದಾಗಲೇ ನಿಮ್ಮ ನಿಷೇಧ ಮುಗಿದು ವರ್ಷಗಳಾಗಿದ್ದವು.

ನಿಮ್ಮ ತಂಗಿಯ ಮಗನನ್ನು ತಪ್ಪೆನ್ನುವಂತಿಲ್ಲ. ಅವನು ತಾನಿರುವ ದೇಶದ ಮಾತು ಹೇಳಿದ್ದಾನೆ. ಅಲ್ಲಿ 1968ರ ಫೆಡರಲ್ ಕಾನೂನಿನ ಪ್ರಕಾರ, ಒಂದು ವರ್ಷಕ್ಕಿಂತ ಹೆಚ್ಚು ಸಜೆ ವಿಧಿಸಬಹುದಾದ ಅಪರಾಧ ಸಾಬೀತಾದರೆ, ನಿಜವಾಗಿ ಆದ ಶಿಕ್ಷೆ ಎಷ್ಟೇ ಇರಲಿ, ಬಂದೂಕು ಮುಟ್ಟುವುದು ಸಾಮಾನ್ಯವಾಗಿ ಜೀವಮಾನವಿಡೀ ನಿಷಿದ್ಧ. ಅಂಥವರು ‘ಹಕ್ಕು ಮರಳಿ ಕೊಡಿ’ ಎಂದು ಆಯಾ ರಾಜ್ಯದ ಕೋರ್ಟನ್ನೋ ಗವರ್ನರನ್ನೋ ಕೇಳಬೇಕು. ಫೆಡರಲ್ ಸರ್ಕಾರದಿಂದ ನೇರವಾಗಿ ಪರಿಹಾರ ಪಡೆಯುವ ದಾರಿ ಕಾನೂನಿನಲ್ಲಿ ಇದ್ದರೂ, 1992ರಿಂದ ಅಲ್ಲಿನ ಸಂಸತ್ತು ಆ ಕೆಲಸಕ್ಕೆ ಹಣವನ್ನೇ ಕೊಡದೆ ಅದನ್ನು ಮುಚ್ಚಿಟ್ಟಿತ್ತು; 2025ರಲ್ಲಿ ಅದನ್ನು ಮತ್ತೆ ತೆರೆಯುವ ಪ್ರಯತ್ನ ಆರಂಭವಾಯಿತು. ನಿಮಗಾದ ಶಿಕ್ಷೆ ಒಂದೇ ವರ್ಷದ್ದಾದರೂ, ಐಪಿಸಿ 324ಕ್ಕೆ ಮೂರು ವರ್ಷದವರೆಗೆ ಸಜೆ ವಿಧಿಸಬಹುದಿತ್ತು. ಅಂಥ ಅಪರಾಧವನ್ನು ಅಲ್ಲಿನವರೊಬ್ಬರು ಅಲ್ಲಿನ ಕೋರ್ಟಿನಲ್ಲಿ ಮಾಡಿದ್ದೆಂದು ಸಾಬೀತಾಗಿದ್ದರೆ, ಅವರು ಈ ಸುಳಿಯಲ್ಲಿ ಸಿಕ್ಕಿಬೀಳುತ್ತಿದ್ದರು.

ಆದರೆ ಒಂದು ವ್ಯತ್ಯಾಸವಿದೆ. ಅಲ್ಲಿ ಬಂದೂಕು ಸಂವಿಧಾನದ ಹಕ್ಕು. ಅದನ್ನು ಕಳೆದುಕೊಳ್ಳುವುದು ಸುಲಭ, ಮರಳಿ ಪಡೆಯುವುದು ಕಷ್ಟ. ಇಲ್ಲಿ ಅದು ಕಾನೂನು ಕೊಡುವ ಅನುಮತಿ. ನಿಷೇಧ ಐದೇ ವರ್ಷದಲ್ಲಿ ಮುಗಿದರೂ, ಆಮೇಲೆ ಜಿಲ್ಲಾಧಿಕಾರಿಯ ಮುಂದೆ ಅರ್ಜಿ ಹಿಡಿದು ನಿಲ್ಲುವುದು ತಪ್ಪುವುದಿಲ್ಲ. ಹಾಗಾಗಿ ‘ಹಕ್ಕು ವಾಪಸ್’ ಎಂಬ ಕೋರ್ಟ್ ಆದೇಶ ನಮ್ಮಲ್ಲಿ ಇಲ್ಲ. ಯಾರಾದರೂ ವಕೀಲರು ಅಂಥದ್ದೊಂದು ಅರ್ಜಿಗೆ ಫೀಸು ಕೇಳಿದರೆ ಯಾವ ಸೆಕ್ಷನ್ ಅಡಿ ಎಂದು ಬರೆದುಕೊಡಲು ಹೇಳಿ. ರಾಜ್ಯಪಾಲರಿಗೆ ಕ್ಷಮಾದಾನದ ಅಧಿಕಾರ ಇರುವುದು ನಿಜ. ಶಿಕ್ಷೆ ಅನುಭವಿಸಿ ಮುಗಿಸಿ, ನಿಷೇಧದ ಅವಧಿಯನ್ನೂ ದಾಟಿದವರು ಒಂದು ಕೋವಿಗಾಗಿ ರಾಜಭವನದ ಬಾಗಿಲು ತಟ್ಟುವ ಅಗತ್ಯವಿಲ್ಲ.

ಇದೇ ಬಗೆಯ ಪತ್ರ ಬರೆದ ಬೇರೆಯವರಿಗಾಗಿ ನಾಲ್ಕು ಮಾತು. ಬರೀ ದಂಡ ಆಗಿದ್ದರೆ, ಸೆರೆಮನೆ ಶಿಕ್ಷೆ ಆಗಿರದಿದ್ದರೆ, 9ನೆಯ ಸೆಕ್ಷನ್ನಿನ ಈ ನಿಷೇಧ ಅನ್ವಯಿಸುವುದಿಲ್ಲ. ಕೋರ್ಟು ಜೈಲಿಗೆ ಕಳಿಸದೆ 1958ರ ಪ್ರೊಬೇಷನ್ ಕಾಯ್ದೆಯಡಿ ಬಿಟ್ಟಿದ್ದರೆ, ದೋಷಿ ಎಂಬ ತೀರ್ಪಿನಿಂದ ಬರುವ ಅನರ್ಹತೆಯೂ ತಟ್ಟದು ಎಂದು ಆ ಕಾಯ್ದೆಯ 12ನೆಯ ಸೆಕ್ಷನ್ ಹೇಳುತ್ತದೆ. ರಾಜಿಗೆ ಅವಕಾಶವಿರುವ ಪ್ರಕರಣದಲ್ಲಿ ಕೋರ್ಟಿನ ಮುಂದೆ ರಾಜಿಯಾದರೆ ಅದು ಖುಲಾಸೆಗೆ ಸಮ. ಮೇಲ್ಮನವಿಯಲ್ಲಿ ಗೆದ್ದರೆ ಶಿಕ್ಷೆ ಇಲ್ಲವೆಂದೇ ಅರ್ಥ. ಆದರೆ ಮೇಲ್ಮನವಿ ಬಾಕಿ ಇರುವಾಗ ಶಿಕ್ಷೆ ಅಮಾನತಾಗಿದ್ದ ಮಾತ್ರಕ್ಕೆ ತೀರ್ಪು ಅಳಿಸಿಹೋಗುವುದಿಲ್ಲ. ಈ ತಪ್ಪು ತಿಳಿವಳಿಕೆಯಿಂದ ಜಾಮೀನಿನಲ್ಲಿರುವಾಗಲೇ ಕೋವಿ ಹಿಡಿದು ತೋಟ ಸುತ್ತಿ, ಹೊಸ ಕೇಸು ಹಾಕಿಸಿಕೊಂಡವರನ್ನು ಕಂಡಿದ್ದೇನೆ.

ಈಗ ನಿಮ್ಮ ಏಜೆಂಟನ ವಿಷಯ. ಈ ಪತ್ರಕ್ಕೆ ನಾನು ಉದ್ದವಾಗಿ ಉತ್ತರ ಬರೆಯಲು ಕಾರಣವೇ ಅವನು.

ಹೊಸ ಲೈಸೆನ್ಸಿನ ಅರ್ಜಿ ನಮೂನೆಯಲ್ಲಿ ಕೆಲವು ಕಾಲಂಗಳಿವೆ. ನಿಮಗೆ ಎಂದಾದರೂ ಶಿಕ್ಷೆಯಾಗಿದೆಯೇ, ಯಾವ ಅಪರಾಧ, ಯಾವ ದಿನ, ಎಷ್ಟು ಶಿಕ್ಷೆ? ಮುಚ್ಚಳಿಕೆ ಬರೆಸಿಕೊಂಡಿದ್ದಾರೆಯೇ? ಹಿಂದೆ ಲೈಸೆನ್ಸ್ ಕೇಳಿ ನಿರಾಕರಣೆಯಾಗಿದೆಯೇ, ಇದ್ದ ಲೈಸೆನ್ಸ್ ರದ್ದಾಗಿದೆಯೇ? ಈ ಕಾಲಂಗಳಲ್ಲಿ ‘ಇಲ್ಲ’ ಎಂದು ಬರೆಯುವುದು ಒಂದು ಗೆರೆಯ ಕೆಲಸ. ಆದರೆ ಶಸ್ತ್ರಾಸ್ತ್ರ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ, ಮುಖ್ಯ ಮಾಹಿತಿ ಮುಚ್ಚಿಟ್ಟು ಅಥವಾ ಸುಳ್ಳು ಹೇಳಿ ಪಡೆದ ಲೈಸೆನ್ಸನ್ನು ಎಂದು ಬೇಕಾದರೂ ರದ್ದು ಮಾಡಬಹುದು. ಹಳೆಯ ಶಿಕ್ಷೆ ಐದು ವರ್ಷಕ್ಕೆ ಹಳತಾಗುತ್ತದೆ. ಸುಳ್ಳಿಗೆ ಅಂಥ ಅವಧಿ ಇಲ್ಲ. ನೀವು ಎಪ್ಪತ್ತಾಗಿ ಮಗನ ಹೆಸರಿಗೆ ಕೋವಿ ಮಾಡಿಸಲು ಹೋದಾಗ ಅದು ಎದ್ದು ಬರಬಹುದು.

ಗೆದ್ದಲು ಎಲ್ಲವನ್ನೂ ತಿನ್ನುವುದೂ ಇಲ್ಲ. ಅರ್ಜಿ ಹೋದ ಕೂಡಲೇ ಜಿಲ್ಲಾಧಿಕಾರಿ ಕಚೇರಿಯಿಂದ ನಿಮ್ಮ ಠಾಣೆಗೆ ವರದಿ ಕೇಳುತ್ತಾರೆ. 2006ರ ಅಪರಾಧ ಸಂಖ್ಯೆ ಠಾಣೆಯ ದಾಖಲೆಯಲ್ಲಿದೆ, 2011ರ ರದ್ದತಿ ಆದೇಶ ಜಿಲ್ಲಾಧಿಕಾರಿ ಕಚೇರಿಯಲ್ಲೇ ಇದೆ, ನಿಮ್ಮ ಕೋವಿಯೂ ಠಾಣೆಯಲ್ಲೇ ಇದೆ. ಮೂರು ಕಡೆ ಗುರುತು ಬಿಟ್ಟು ಬಂದವರು ಕಾಲಂ ಖಾಲಿ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲವೇ?

ಒಮ್ಮೆ ಜಿಲ್ಲಾಧಿಕಾರಿಯವರ ಮುಂದಿನ ವಿಚಾರಣೆಗೆ ಕಕ್ಷಿದಾರರೊಬ್ಬರ ಜೊತೆ ಹೋಗಿದ್ದೆ. ಅವರದ್ದೂ ನಿಮ್ಮಂತೆಯೇ ಹಳೆಯ ಹೊಡೆದಾಟದ ಪ್ರಕರಣ. ಫೈಲು ತಿರುವಿ ಹಾಕುತ್ತಿದ್ದ ಅಧಿಕಾರಿ ತಲೆ ಎತ್ತದೆಯೇ ಕೇಳಿದರು: ‘ಯಜಮಾನರೇ, ಕೇಸು ಇತ್ತಾ?’ ನನ್ನ ಕಕ್ಷಿದಾರ ಎದ್ದು ನಿಂತು, ‘ಇತ್ತು ಸ್ವಾಮಿ. ತಪ್ಪು ನನ್ನದೇ. ಶಿಕ್ಷೆ ಮುಗಿಸಿ ಬಂದಿದ್ದೇನೆ, ಬರೆದಿದ್ದೇನೆ’ ಎಂದರು. ಅಧಿಕಾರಿ ಆಗ ಮೊದಲ ಬಾರಿಗೆ ಮುಖ ನೋಡಿದರು. ಮುಂದಿನ ಪ್ರಶ್ನೆ ಕೇಸಿನ ಬಗ್ಗೆ ಇರಲಿಲ್ಲ. ಅವರ ಗದ್ದೆಗೆ ಹಂದಿ ಯಾವ ಕಡೆಯಿಂದ ಇಳಿಯುತ್ತದೆ ಎಂದು ಕೇಳಿದರು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಭರವಸೆ ಕೊಡಲಾರೆ. ಆದರೆ ನನ್ನ ಅನುಭವದಲ್ಲಿ, ಹಳೆಯ ಶಿಕ್ಷೆಯ ಕಾರಣಕ್ಕೆ ಹೋದ ಅರ್ಜಿಗಳಿಗಿಂತ ಅದನ್ನು ಬಚ್ಚಿಟ್ಟ ಕಾರಣಕ್ಕೆ ಹೋದವು ಹೆಚ್ಚು.

ಹಾಗಾದರೆ ಬರೆಯುವುದು ಹೇಗೆ? ಕಾಲಂನಲ್ಲಿ ‘ಹೌದು’ ಎಂದು ತುಂಬಿ, ಜೊತೆಗೊಂದು ಹಾಳೆ ಇಡಿ. ನಾನು ಬರೆಸುವುದು ಹೆಚ್ಚುಕಡಿಮೆ ಹೀಗೆ: ‘ಇಂಥ ಕೋರ್ಟಿನ ಇಂಥ ಪ್ರಕರಣದಲ್ಲಿ ನನಗೆ ಒಂದು ವರ್ಷ ಸಜೆಯಾಗಿ, ಅದನ್ನು ಅನುಭವಿಸಿ ಇಂಥ ದಿನ ಬಿಡುಗಡೆಯಾಗಿದ್ದೇನೆ. ದಂಡ ಕಟ್ಟಿದ್ದೇನೆ. ಶಿಕ್ಷೆ ಮುಗಿದು ಐದು ವರ್ಷ ಕಳೆದಿದೆ. ಆ ಘಟನೆಯಲ್ಲಿ ಕೋವಿ ಬಳಕೆಯಾಗಿರಲಿಲ್ಲ. ಆಮೇಲೆ ನನ್ನ ಮೇಲೆ ಯಾವ ಪ್ರಕರಣವೂ ಇಲ್ಲ.’ ಇಷ್ಟೇ ಸಾಕು. ದಾಯಾದಿ ಹೇಗೆ ಬೇಲಿ ಒತ್ತುವರಿ ಮಾಡಿದ, ಸಾಕ್ಷಿಗಳು ಹೇಗೆ ಸುಳ್ಳು ಹೇಳಿದರು ಎಂಬ ಪುರಾಣ ಬೇಡ. ಕೋರ್ಟು ತೀರ್ಮಾನಿಸಿದ್ದನ್ನು ಜಿಲ್ಲಾಧಿಕಾರಿಯ ಮುಂದೆ ಮತ್ತೆ ಕೆದಕಿದರೆ ನಿಮ್ಮ ಸಿಟ್ಟು ಇನ್ನೂ ಆರಿಲ್ಲ ಎಂದೇ ಅವರು ತಿಳಿಯುತ್ತಾರೆ. ಆ ದಾಯಾದಿಯ ಜೊತೆ ಈಗ ಮಾತುಕತೆ ಇದ್ದರೆ, ಬೇಲಿಯ ತಕರಾರು ಸರ್ವೆಯಾಗಿ ತೀರಿದ್ದರೆ, ಅದರ ಕಾಗದವೊಂದನ್ನು ಲಗತ್ತಿಸಿ. ಠಾಣೆಯವರು ವಿಚಾರಿಸಲು ಹೋಗುವುದು ಅವರ ಮನೆಗೇ.

ಕೋರ್ಟಿನ ಎರಡೂ ತೀರ್ಪುಗಳ ದೃಢೀಕೃತ ನಕಲು, ಜೈಲಿನ ಬಿಡುಗಡೆ ಪತ್ರ, ದಂಡದ ರಸೀದಿ ಇವನ್ನು ಮೊದಲು ಹೊಂದಿಸಿಕೊಳ್ಳಿ. ಬಿಡುಗಡೆಯ ದಿನಾಂಕವೇ ನಿಮ್ಮ ಇಡೀ ವಾದದ ಬೇರು. ಆ ಕಾಗದ ಕಳೆದಿದ್ದರೆ ಜೈಲಿಗೆ ಅರ್ಜಿ ಕೊಟ್ಟು ಮತ್ತೆ ಪಡೆಯಿರಿ. ಪಹಣಿ, ವೈದ್ಯಕೀಯ ಪ್ರಮಾಣಪತ್ರ, ಕೋವಿ ಬಳಕೆಯ ತರಬೇತಿ ಪ್ರಮಾಣಪತ್ರಗಳನ್ನು 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಕೇಳುತ್ತಾರೆ, ಅದು ಮಾಮೂಲು. ಅರ್ಜಿಯನ್ನು ಈಗ ಕೇಂದ್ರ ಗೃಹ ಸಚಿವಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿ ತುಂಬಬೇಕು. ಲೈಸೆನ್ಸ್ ಸಿಕ್ಕಿದರೆ ಐದು ವರ್ಷಕ್ಕೆ ಸಿಗುತ್ತದೆ. 2019ರ ತಿದ್ದುಪಡಿಗೆ ಮೊದಲು ಮೂರು ವರ್ಷವಿತ್ತು.

ನಿಷೇಧ ಮುಗಿದ ಮೇಲೆ ಜಿಲ್ಲಾಧಿಕಾರಿ ಕೊಡಲೇಬೇಕೇ? ಇಲ್ಲಿ ಕಾನೂನು ಎರಡು ದಿಕ್ಕಿಗೆ ಎಳೆಯುತ್ತದೆ. ನಿಜವಾದ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿ ಕೇಳಿದರೆ, ಅಥವಾ ರಕ್ಷಣೆಗೆಂದು ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಕೆಯ ನುಣುಪು ಕೊಳವೆಯ ಕೋವಿ ಕೇಳಿದರೆ ‘ಕೊಡತಕ್ಕದ್ದು’ ಎನ್ನುತ್ತದೆ 13ನೆಯ ಸೆಕ್ಷನ್. ರಿವಾಲ್ವರ್ ಕೇಳುವವರಿಗೆ ಇಲ್ಲದ ಬಲ ಇದರಿಂದ ರೈತರಿಗೆ ಇದೆ. ಆದರೆ ಅರ್ಜಿದಾರ ‘ಯಾವುದೇ ಕಾರಣದಿಂದ’ ಯೋಗ್ಯನಲ್ಲ ಎಂದು ಅಧಿಕಾರಿಗೆ ಅನ್ನಿಸಿದರೆ, ಸಾರ್ವಜನಿಕ ಶಾಂತಿಗೆ ಧಕ್ಕೆ ಎನ್ನಿಸಿದರೆ ನಿರಾಕರಿಸಬಹುದು ಎನ್ನುತ್ತದೆ 14ನೆಯದು. ನಿಮ್ಮ ಹಳೆಯ ಶಿಕ್ಷೆ ನಿಷೇಧವಾಗಿ ಸತ್ತಿದೆ, ಈ ಬಾಗಿಲಿನಿಂದ ಕಾರಣವಾಗಿ ಒಳಗೆ ಬರಬಹುದು. ಅದಕ್ಕೇ ಶಿಕ್ಷೆಯ ನಂತರದ ವರ್ಷಗಳನ್ನು ನೀವು ಹೇಗೆ ಕಳೆದಿದ್ದೀರಿ ಎಂಬುದು ಮುಖ್ಯ. ಚುನಾವಣೆಯ ಹೊತ್ತಿನಲ್ಲಿ ಮುಚ್ಚಳಿಕೆ ಬರೆಸಿಕೊಂಡಿದ್ದರೆ, ಠಾಣೆಯಲ್ಲಿ ನಿಮ್ಮ ಹೆಸರಿನ ರೌಡಿ ಪಟ್ಟಿ ಇನ್ನೂ ಮುಚ್ಚದೆ ಇದ್ದರೆ, ಅದನ್ನು ಸರಿಪಡಿಸಿಕೊಂಡೇ ಅರ್ಜಿ ಹಾಕಿ. ರೌಡಿ ಪಟ್ಟಿ ಎಂಬುದು ಶಿಕ್ಷೆಯಲ್ಲ, 9ನೆಯ ಸೆಕ್ಷನ್ನಿನಲ್ಲಿ ಅದರ ಸುದ್ದಿಯೇ ಇಲ್ಲ; ಆದರೆ ಪೊಲೀಸ್ ವರದಿಯ ಮೊದಲ ಸಾಲಿನಲ್ಲಿ ಅದೇ ಇರುತ್ತದೆ.

ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು, ನೀವು ಕೇಳಿದರೆ ಅದರ ಸಾರಾಂಶ ಕೊಡಬೇಕು. ಸಾರ್ವಜನಿಕ ಹಿತಕ್ಕೆ ಅಡ್ಡಿ ಎಂದಾದರೆ ಮಾತ್ರ ಹೇಳದೇ ಇರಬಹುದು. ‘ಪೊಲೀಸ್ ವರದಿ ಪ್ರತಿಕೂಲವಾಗಿರುವುದರಿಂದ ತಿರಸ್ಕರಿಸಿದೆ’ ಎಂಬ ಒಂದೇ ಸಾಲಿನ ಆದೇಶ ಬಂದರೆ ಎದೆಗುಂದಬೇಡಿ. ಮೇಲ್ಮನವಿಗೆ ಮೂವತ್ತು ದಿನ ಸಮಯವಿದೆ, 18ನೆಯ ಸೆಕ್ಷನ್ ಅದಕ್ಕೆಂದೇ ಇದೆ. ಅಧಿಕಾರಿ ತಾನೇ ಯೋಚಿಸಿ ತೀರ್ಮಾನಿಸಬೇಕು, ವರದಿಯನ್ನು ನಕಲು ಮಾಡಿದರೆ ಸಾಲದು ಎಂದು ಅಲ್ಲಿ ವಾದಿಸಬಹುದು. ಮೊದಲೇ ಹೈಕೋರ್ಟಿಗೆ ಓಡಬೇಡಿ, ‘ಮೇಲ್ಮನವಿ ಇದೆಯಲ್ಲ’ ಎಂದು ಅಲ್ಲಿಂದ ವಾಪಸ್ ಕಳಿಸುವ ಸಂಭವವೇ ಹೆಚ್ಚು.

ನಿಮ್ಮ ಪತ್ರ ಓದಿದಾಗ ನನಗೆ ನಿಜವಾಗಿ ಚಿಂತೆಯಾಗಿದ್ದು ಶಿಕ್ಷೆಯ ವಿಷಯಕ್ಕಲ್ಲ, ಮಂಡಗದ್ದೆ ಎಂಬ ಹೆಸರಿಗೆ. ಶೆಟ್ಟಿಹಳ್ಳಿ ಅಭಯಾರಣ್ಯ ಅಲ್ಲಿಂದ ದೂರವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೆಯ ಸೆಕ್ಷನ್ ಪ್ರಕಾರ, ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗೆ ಹೊಸ ಕೋವಿ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ನಿಮ್ಮ ಹಳೆಯ ಲೈಸೆನ್ಸ್ ರದ್ದಾಗಿರುವುದರಿಂದ ಈಗ ಕೇಳುತ್ತಿರುವುದು ನವೀಕರಣ ಅಲ್ಲ, ಹೊಸತು. ಅಪ್ಪನ ಕಾಲದಿಂದ ಇತ್ತು ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ತೋಟದಿಂದ ಗಡಿಗೆ ಎಷ್ಟು ದೂರ ಎಂದು ವಲಯ ಅರಣ್ಯ ಕಚೇರಿಯಿಂದ ಬರೆಸಿಕೊಳ್ಳಿ. ಹನ್ನೊಂದು ಕಿಲೋಮೀಟರ್ ಆಗಿದ್ದರೆ ನಿಮ್ಮ ದಾರಿ ಅರ್ಧ ಹಗುರ. ಒಂಬತ್ತಾಗಿದ್ದರೆ ಅರಣ್ಯ ಇಲಾಖೆಯ ಮೇಜಿನ ಮೇಲೆ ಫೈಲು ಎಷ್ಟು ದಿನ ಕೂರುತ್ತದೋ ಹೇಳಲಾರೆ. ಶಿಕ್ಷೆಯೇ ಇಲ್ಲದವರೂ ಇಲ್ಲಿ ಸಿಕ್ಕಿಬೀಳುತ್ತಾರೆ.

ಕೇಪಿನ ಕೋವಿಗೆ ಲೈಸೆನ್ಸ್ ಬೇಡ ಎಂಬುದು ಅಪಾಯದ ಮಾತು. ಗುಂಡು ಹಾರುವ ಕೇಪಿನ ಕೋವಿಗೂ ಲೈಸೆನ್ಸ್ ಬೇಕೇ ಬೇಕು. ವಿನಾಯಿತಿ ಇರುವುದು, ರಿಪೇರಿ ಮಾಡಿದರೂ ಹಾರದ, ಗೋಡೆಗೆ ನೇತುಹಾಕುವ ಪುರಾತನ ವಸ್ತುವಿಗೆ ಮಾತ್ರ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಹಳೆಯ ಮಾದರಿಯ ಬಾಯಿಮದ್ದಿನ ಬಂದೂಕಿಗೆ ವಿನಾಯಿತಿ ಇದೆ, ಈ ಮಾತೂ ಅಲ್ಲಿಂದಲೇ ಸಮುದ್ರ ದಾಟಿ ಬಂದಿತೋ ಏನೋ. ಇಲ್ಲಿ ಲೈಸೆನ್ಸ್ ಇಲ್ಲದ ಕೋವಿ ಸಿಕ್ಕಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸಜೆ. ನಿಮಗೆ ಅದು ಎರಡನೆಯ ಶಿಕ್ಷೆಯಾಗುತ್ತದೆ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಎಂಬ ಸಾಂಪ್ರದಾಯಿಕ ಭೂಹಿಡುವಳಿ ಇರುವವರಿಗೆ ಇರುವ ವಿನಾಯಿತಿ ಬೇರೆ ಕಥೆ. ಬ್ರಿಟಿಷರ ಕಾಲದಿಂದ ಬಂದ ಅದನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ರಾಜ್ಯ ಹೈಕೋರ್ಟು 2021ರಲ್ಲಿ ಎತ್ತಿಹಿಡಿದಿದೆ. ಅದು ನಿಮ್ಮ ತೀರ್ಥಹಳ್ಳಿಗೆ ಬರುವುದಿಲ್ಲ.

ಮನೆಯಲ್ಲಿ ಬೇರೆಯವರ ಹೆಸರಿಗೆ, ಮಗನಿಗೋ ಮಡದಿಗೋ ಲೈಸೆನ್ಸ್ ಮಾಡಿಸುವ ದಾರಿಯನ್ನು ನೀವು ಕೇಳಿಲ್ಲ, ಆದರೆ ಮುಂದೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಗ ಇಪ್ಪತ್ತೊಂದು ತುಂಬಿದವನಾಗಿ, ತೋಟದ ಕೆಲಸ ನೋಡಿಕೊಳ್ಳುವವನಾಗಿದ್ದರೆ ಅದು ಒಳ್ಳೆಯ ದಾರಿಯೇ. ಅವನ ಅರ್ಜಿಗೆ ನಿಮ್ಮ ಹಳೆಯ ಶಿಕ್ಷೆ ಕಾನೂನಿನ ಅಡ್ಡಿಯಲ್ಲ. ಆದರೆ ಹೆಸರು ಅವನದು, ಕೋವಿ ಹಿಡಿಯುವವರು ನೀವು ಎಂದಾದರೆ ಅಪ್ಪ ಮಗ ಇಬ್ಬರೂ ಆರೋಪಿಗಳಾಗುತ್ತೀರಿ. ರಾತ್ರಿ ಎರಡು ಗಂಟೆಗೆ ಗದ್ದೆಯಲ್ಲಿ ನಾಯಿ ಬೊಗಳಿದಾಗ ಮಗ ಶಿವಮೊಗ್ಗದಲ್ಲಿದ್ದರೆ ಕೋವಿ ಗೋಡೆಯಲ್ಲೇ ಇರಬೇಕು. ಇಷ್ಟು ನಿಗ್ರಹ ನಿಮ್ಮಿಂದ ಆಗುತ್ತದೆಯೇ ಎಂದು ನೀವೇ ಯೋಚಿಸಿ.

ಕೊನೆಗೆ ಹಂದಿ. ಇಲ್ಲಿ ನಿಮಗೆ ಬೇಸರವಾಗಬಹುದು. ಕೋವಿ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ. ಅಮೆರಿಕದಲ್ಲಿ ಬಂದೂಕಿನ ಹಕ್ಕು ಮರಳಿದವರು ರಾಜ್ಯದ ಇಲಾಖೆಯಿಂದ ಜಿಂಕೆಯ ಋತುವಿಗೆ ಚೀಟಿ ಪಡೆದು ಕಾಡಿಗೆ ಹೋಗಬಹುದು. ನಮ್ಮಲ್ಲಿ ಶಿಕಾರಿ ಎಂಬುದೇ ಯಾರಿಗೂ ಇಲ್ಲ. 1972ರ ಕಾಯ್ದೆ ಅದನ್ನು ಎಲ್ಲರಿಂದಲೂ ತೆಗೆದುಕೊಂಡಿದೆ. ಹಾಗಾಗಿ ಶಿಕ್ಷೆಯಾದವರಿಗೆ ಮರಳಿ ಸಿಗಬೇಕಾದ ಬೇಟೆಯ ಹಕ್ಕು ಎಂಬುದೂ ಇಲ್ಲ. ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ; ಉರುಳು ಹಾಕುವುದು, ಅಟ್ಟುವುದು, ಆ ಪ್ರಯತ್ನ, ಎಲ್ಲವೂ ಅದರಲ್ಲಿ ಸೇರುತ್ತವೆ. ಲೈಸೆನ್ಸ್ ಬೇಡದ ಸಣ್ಣ ಏರ್‌ಗನ್ನಿನಿಂದ ಹೊಡೆದರೂ ಅಪರಾಧವೇ.

ಆದರೆ ಹಂದಿಗೆ ಒಂದು ಕಿಂಡಿ ಇದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಕಾಡುಹಂದಿ ಆ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ, ಅಂದರೆ ಎರಡನೆಯ ಪಟ್ಟಿಯಲ್ಲಿ ಇದೆ. ಆ ಅನುಸೂಚಿಯ ಪ್ರಾಣಿ ಜನರ ಪ್ರಾಣಕ್ಕೆ ಅಥವಾ ಆಸ್ತಿಗೆ ಅಪಾಯ ಎನ್ನಿಸಿದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು, ಲಿಖಿತ ಆದೇಶದಿಂದ ಅದನ್ನು ಕೊಲ್ಲಲು ಅನುಮತಿ ಕೊಡಬಹುದು. ಆಸ್ತಿ ಎಂದರೆ ನಿಂತ ಬೆಳೆಯೂ ಸೇರಿದೆ ಎಂದು 11ನೆಯ ಸೆಕ್ಷನ್ನಿನಲ್ಲೇ ಬರೆದಿದೆ. ಕೇರಳ 2022ರಲ್ಲಿ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರವರೆಗೆ ಇಳಿಸಿತು. ನಿಮ್ಮ ಕೈಯಲ್ಲಿ ಅಂಥ ಆದೇಶ ಇಲ್ಲದೆ ಹೊಡೆದ ಹಂದಿ, ಕೋವಿಗೆ ಲೈಸೆನ್ಸ್ ಇದ್ದರೂ, ಅಪರಾಧವೇ. ಮಂಗ ಮತ್ತು ನವಿಲು ಮೊದಲನೆಯ ಅನುಸೂಚಿಯಲ್ಲಿವೆ. ಬೆಳೆಯ ಹೆಸರು ಹೇಳಿ ಅವನ್ನು ಹೊಡೆಯಲು ಅನುಮತಿ ಕೊಡಲು ಬರುವುದೇ ಇಲ್ಲ. ಮಂಗ ಎಳನೀರು ಕಿತ್ತು ಎಸೆಯುವಾಗ ಈ ಅನುಸೂಚಿಗಳ ಮಾತು ಎಷ್ಟು ಸಿಟ್ಟು ತರಿಸುತ್ತದೆ ಎಂದು ಬಲ್ಲೆ, ನಮ್ಮ ಮನೆಯಲ್ಲೂ ತೆಂಗಿನ ಮರಗಳಿವೆ.

ವನ್ಯಜೀವಿ ಕಾಯ್ದೆಯಡಿ ಶಿಕ್ಷೆಯಾದರೆ ಕೋರ್ಟು ಕೋವಿಯ ಲೈಸೆನ್ಸನ್ನೂ ರದ್ದು ಮಾಡಿ, ತೀರ್ಪಿನ ದಿನದಿಂದ ಐದು ವರ್ಷ ನಿಮ್ಮನ್ನು ಅನರ್ಹಗೊಳಿಸಬಹುದು. ಅಂದರೆ ಒಂದು ಈಡು ತಪ್ಪಿದರೆ ನೀವು ಮತ್ತೆ 2014ರಲ್ಲಿ ನಿಂತಿದ್ದ ಜಾಗಕ್ಕೇ ಬರುತ್ತೀರಿ. ಉರುಳು, ಸಿಡಿಮದ್ದು, ನೇರ ಕರೆಂಟಿನ ತಂತಿಗಳ ಬಗ್ಗೆ ನಾನು ಬರೆಯುವ ಅಗತ್ಯವಿಲ್ಲ ಎಂದುಕೊಂಡಿದ್ದೇನೆ.

ಹಾಗಾದರೆ ಕೋವಿಯ ಪ್ರಯೋಜನವೇನು? ಗಾಳಿಗೆ ಹಾರಿಸಿದ ಸದ್ದಿಗೆ ಹಂದಿ ಓಡುತ್ತದೆ, ನಾಲ್ಕು ದಿನ ಬಿಟ್ಟು ಬರುತ್ತದೆ. ಗದ್ದೆ ಕಾಯುವವನಿಗೆ ಧೈರ್ಯ. ಅನುಮತಿಯ ಆದೇಶ ಬಂದ ದಿನ ಕೈಯಲ್ಲಿ ಸಾಧನ ಇರುತ್ತದೆ. ನನ್ನ ಮಾತು ಕೇಳುವುದಾದರೆ, ಗದ್ದೆಯ ಸುತ್ತ ಸೋಲಾರ್ ಬೇಲಿಯನ್ನು ಮೊದಲು ಮಾಡಿಸಿ. ಪ್ರತಿ ಬಾರಿ ಹಾನಿಯಾದಾಗಲೂ ಫೋಟೋ ತೆಗೆದು ಅರಣ್ಯ ಇಲಾಖೆಯ ‘ಇ-ಪರಿಹಾರ’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಿ. ಪರಿಹಾರದ ಮೊತ್ತ ನೋಡಿ ನಗು ಬಂದರೂ ಹಾಕಿ, ಯಾಕೆಂದರೆ ಆ ಅರ್ಜಿಗಳ ಸಾಲೇ ನಾಳೆ ನಿಮ್ಮ ಲೈಸೆನ್ಸಿಗೂ, ಹಂದಿಯ ಅನುಮತಿಗೂ ಸಾಕ್ಷಿ. ‘ನಿಜವಾದ ಬೆಳೆ ರಕ್ಷಣೆ’ ಎಂಬುದನ್ನು ಬಾಯಿಮಾತಿನಿಂದ ಯಾರೂ ನಂಬುವುದಿಲ್ಲ.

ಠಾಣೆಯಲ್ಲಿರುವ ನಿಮ್ಮ ಅಪ್ಪನ ಕೋವಿಯ 2011ರ ರಸೀದಿಯನ್ನು ಈ ವಾರವೇ ಹುಡುಕಿ. ಹಾಗೆ ಒಪ್ಪಿಸಿದ ಕೋವಿಯನ್ನು ನಿಯಮದಲ್ಲಿ ಹೇಳಿದ ಅವಧಿಯೊಳಗೆ ಮಾರದೆ, ಮರಳಿ ಪಡೆಯದೆ ಬಿಟ್ಟರೆ ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಲು ಶಸ್ತ್ರಾಸ್ತ್ರ ಕಾಯ್ದೆಯ 21ನೆಯ ಸೆಕ್ಷನ್ ಅಧಿಕಾರ ಕೊಡುತ್ತದೆ. ಆದರೆ ಅದಕ್ಕೆ ಮೊದಲು ನಿಮಗೆ ಲಿಖಿತ ನೋಟಿಸ್ ಕೊಟ್ಟು, ಉತ್ತರಿಸಲು ಮೂವತ್ತು ದಿನ ಬಿಡಬೇಕು. ಅಂಥ ನೋಟಿಸ್ ಬಂದಿತ್ತೇ, ನೀವು ಒಳಗಿದ್ದಾಗ ಮನೆಯಲ್ಲಿ ಯಾರಾದರೂ ಸಹಿ ಹಾಕಿ ಪಡೆದಿದ್ದರೇ ಎಂದು ಅಮ್ಮನನ್ನೋ ಮಡದಿಯನ್ನೋ ಕೇಳಿ. ಬಂದಿಲ್ಲವಾದರೆ ಕೋವಿ ಇನ್ನೂ ಅಲ್ಲೇ, ಸುತಲಿಯಲ್ಲಿ ಕಟ್ಟಿದ ರಟ್ಟಿನ ಚೀಟಿಯ ಸಮೇತ ಇರಬಹುದು. ಚೀಟಿಯ ಶಾಯಿ ಅಳಿಸಿರುತ್ತದೆ. ನಳಿಕೆಯ ಮೇಲೆ ಕೊರೆದ ನಂಬರನ್ನು ಹಳೆಯ ಲೈಸೆನ್ಸ್ ಪುಸ್ತಕದಿಂದ ಬರೆದುಕೊಂಡು ಹೋಗಿ. ಅಷ್ಟು ಮಳೆಗಾಲ ಎಣ್ಣೆ ಕಾಣದ ನಳಿಕೆಯೊಳಗೆ ತುಕ್ಕು ಎಷ್ಟು ಇಳಿದಿದೆಯೋ, ಹೊಸ ಲೈಸೆನ್ಸ್ ಸಿಕ್ಕಿದರೂ ಆ ಕೋವಿಗೆ ತೋಟಾ ತುಂಬುವ ಮೊದಲು ಲೈಸೆನ್ಸ್ ಇರುವ ರಿಪೇರಿ ಅಂಗಡಿಯಲ್ಲಿ ತೋರಿಸಿ.